ಸಿಟ್ಟು ಬಂದಲ್ಲಿ ಹರಳು ಇಡು

ಈ ಸಲ ಶಾಲೆ ಸುರುವಾಗುವ ಹೊತ್ತಿಗೆ ನಮ್ಮ ಮನೆಗೆ ಒಬ್ಬಳು ಹೊಸ ಶಿಕ್ಷಕಿ ಬಂದಿದ್ದಳು. ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಗೆ ಆಗಷ್ಟೇ ನೇಮಕವಾಗಿತ್ತು. ಪಾಠ ಮಾಡುವುದು ಬರುತ್ತದೆ, ಮೊಬೈಲಿನಲ್ಲಿ ಹಾಜರಿ ತುಂಬುವುದೂ ಬರುತ್ತದೆ, ಆದರೆ ಇಬ್ಬರು ಹುಡುಗರು ಒಬ್ಬರ ಕೂದಲು ಒಬ್ಬರು ಹಿಡಿದುಕೊಂಡು ನಿಂತಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ ಎಂದಳು. ಚಹಾ ಮುಗಿಯುವಷ್ಟರಲ್ಲಿ ನನಗೆ ತೋಚಿದ ನಾಲ್ಕು ಮಾತು ಹೇಳಿ ಕಳಿಸಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದು ಹೇಳಲೇ ಇಲ್ಲ ಅನ್ನಿಸಿತು. ನಾನು ಆ ನಾಲ್ಕು ಮಾತು ಕಲಿಯಲು ಒಬ್ಬ ಹುಡುಗಿಯ ಹಲ್ಲು ಮುರಿಯಬೇಕಾಯಿತು. ಅದನ್ನು ಬಿಟ್ಟು ಹೇಳಿದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನಾನು ಸೋಲಾಪುರದ ವ್ಯಾಪಾರಸ್ಥರ ಮನೆಯವಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಎರಡರ ನಡುವೆ ಬೆಳೆದೆ. ನೌಕರಿಯೆಲ್ಲ ಕಳೆದದ್ದು ಹಳ್ಳಿಯ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ. ನಮ್ಮ ಕಡೆ ಶಿಕ್ಷಕಿಗೆ ಮರಾಠಿಯಂತೆ ‘ಬಾಯಿ’ ಎನ್ನುತ್ತಾರೆ. ಊರವರಿಗೂ ಮಕ್ಕಳಿಗೂ ನಾನು ಬಾಯಿಯೇ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಬದಲಿಯಾಯಿತು ಎಂಬುದರಿಂದ ಹೊಸಬರಿಗೆ ಏನೂ ಉಪಯೋಗವಿಲ್ಲ, ಬಿಟ್ಟುಬಿಡುತ್ತೇನೆ.

ನಾನು ಸೇರಿದಾಗ ಮಕ್ಕಳ ಸಿಟ್ಟಿಗೆ ಮದ್ದು ಒಂದೇ, ಛಡಿ. ಜಗಳವಾಡಿದ ಇಬ್ಬರಿಗೂ ಸಮವಾಗಿ ಬೀಳುತ್ತಿತ್ತು. ನನ್ನ ಮೊದಲ ಹೆಡ್ ಮಾಸ್ತರರು ಮಾತ್ರ ಛಡಿ ಹಿಡಿದವರಲ್ಲ. ಹಾಗೆಂದು ಬೇರೆ ಉಪಾಯವೂ ಅವರ ಬಳಿ ಇರಲಿಲ್ಲ. “ಹುಡುಗರ ಸಿಟ್ಟು ಅಂದ್ರ ಬ್ಯಾಸಗಿ ಸುಳಿಗಾಳಿ ಇದ್ದಂಗ. ಕಣ್ಣ ಮುಚ್ಚಿಕೊಂಡು ನಿಂದರ್ರಿ, ತಾನ ಹೋಗ್ತದ” ಎನ್ನುತ್ತಿದ್ದರು. ಮುಂದೆ ಮಕ್ಕಳಿಗೆ ಹೊಡೆಯಕೂಡದು ಎಂಬ ಕಾಯಿದೆ ಬಂತು. ಒಳ್ಳೆಯದೇ ಆಯಿತು. ಆದರೆ ಛಡಿ ಹೋದ ಜಾಗಕ್ಕೆ ಏನೂ ಬರಲಿಲ್ಲ. ಬಹಳ ಜನ ಶಿಕ್ಷಕರು ಬರಿಗೈಯಲ್ಲಿ ನಿಂತು ಕೂಗುವುದನ್ನು ಕಲಿತರು. ನನ್ನ ಗಂಟಲೂ ಆ ವರ್ಷಗಳಲ್ಲೇ ಕೆಟ್ಟದ್ದು.

ಆಮೇಲೆ ಸೋಲಾಪುರದಲ್ಲಿ ಒಂದು ತರಬೇತಿಯಾಯಿತು. ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಲು ಮಕ್ಕಳಿಗೆ ಹೇಳಿರಿ ಎಂದು ಕಲಿಸಿಕೊಟ್ಟರು. ನಾನು ಬಹಳ ಉತ್ಸಾಹದಿಂದ ಮರುದಿನವೇ ಪ್ರಯೋಗ ಮಾಡಿದೆ. ಮೈದಾನದಲ್ಲಿ ಇಬ್ಬರು ಎದೆ ಉಬ್ಬಿಸಿಕೊಂಡು ನಿಂತಿದ್ದರು. ಎಣಿಸಿರಿ ಎಂದೆ. ಇಡೀ ತರಗತಿ ಸುತ್ತಲೂ ನೆರೆದು ಒಕ್ಕೊರಲಿನಿಂದ ಎಣಿಸಿತು. ಹತ್ತು ಎಂದದ್ದೇ ತಡ, ಓಟದ ಪಂದ್ಯಕ್ಕೆ ಸೀಟಿ ಊದಿದಂತೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಅಷ್ಟು ಹೊತ್ತು ತಡೆದಿದ್ದಕ್ಕೆ ಹೊಡೆತ ಇನ್ನೂ ಜೋರಾಗಿತ್ತು. ಬಿಡಿಸಲು ಹೋಗಿ ನನ್ನ ಕನ್ನಡಕ ಮಣ್ಣಿಗೆ ಬಿತ್ತು. ಮಕ್ಕಳಿಗೆ ಅದು ಹೊಸ ಆಟ; ಮುಂದೆ ಒಂದು ವಾರ, ಜಗಳ ಇಲ್ಲದಿದ್ದರೂ ಎಣಿಸಿ ಹೊಡೆದಾಡಿದರು. ಸಿಟ್ಟು ಬಂದ ಮೇಲೆ ಕಲಿಸಲು ಹೋಗಬಾರದು ಎಂದು ಆಗ ತಿಳಿಯಿತು. ಈಜು ಕಲಿಸುವುದು ಬಾವಿಗೆ ಬೀಳುವುದಕ್ಕಿಂತ ಮೊದಲು.

ತೇಜಸ್ವಿನಿ ನಮ್ಮ ಶಾಲೆಗೆ ಬಂದದ್ದು ಇದಾದ ಮೇಲೆ. ನಾನಾಗ ಹನ್ನೂರಿನ ಆಚೆಗಿನ ಒಂದು ಊರಿನಲ್ಲಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಅವಳ ತಂದೆ ಮಲ್ಲಿನಾಥ ಮತ್ತು ಅವನ ಅಣ್ಣ ಸೋಲಾಪುರದಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದರು. ಅಣ್ಣತಮ್ಮಂದಿರಿಗೆ ಬಿರುಕು ಬಿದ್ದು ಪಾಲಾಯಿತು. ಅಂಗಡಿ ಅಣ್ಣನಿಗೆ ಹೋಯಿತು, ಊರಿನ ಹೊಲ ತಮ್ಮನಿಗೆ ಬಂತು. ಹೀಗೆ ನಗರದ ಮರಾಠಿ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ ಒಂದು ದಿನ ನನ್ನ ನಾಲ್ಕನೆಯ ತರಗತಿಯ ಮೂಲೆಯಲ್ಲಿ ಬಂದು ಕೂತಳು. ಬಣ್ಣದ ಸ್ಟೀಲ್ ಬಾಟಲಿ, ಬಿಗಿದು ಕಟ್ಟಿದ ಎರಡು ಜಡೆ. ಕನ್ನಡ ಮಾತಾಡಲು ಚೆನ್ನಾಗಿ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನು ಮೊದಲಿನಿಂದ ಅಕ್ಷರ ತಿದ್ದಿಸುತ್ತಿದ್ದೆ. ಅವಳು ತಲೆ ಎತ್ತದೆ ತಿದ್ದುತ್ತಿದ್ದಳು. ಯಾರೊಂದಿಗೂ ಮಾತಿಲ್ಲ. ಯಾರಾದರೂ ಭುಜ ತಾಗಿಸಿದರೆ ಸಾಕು, ಮೊಣಕೈಯಿಂದ ತಿವಿಯುತ್ತಿದ್ದಳು.

ಒಂದು ದಿನ ಎಲ್ಲರೂ ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದರು. ತೇಜುವಿನ ಸರದಿ ಬಂತು. ಪಾಠದಲ್ಲಿ ‘ಅವ್ವ ರೊಟ್ಟಿ ಬಡಿದಳು’ ಎಂದಿತ್ತು. ನಮ್ಮ ವ ಮತ್ತು ಪ ಹೊಸಬರ ಕಣ್ಣಿಗೆ ಅವಳಿಜವಳಿ. ಅವಳು ‘ಅಪ್ಪ ರೊಟ್ಟಿ ಬಡಿದಳು’ ಎಂದು ಓದಿದಳು. ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದಲ್ಲಿದ್ದ ಶಿವಲೀಲಾ. ಕೆಟ್ಟ ಹುಡುಗಿಯಲ್ಲ; ನಗು ಬಂದರೆ ತಡೆಯಲಾಗದವಳು, ಅಷ್ಟೇ. ತೇಜು ಪುಸ್ತಕ ಕೆಳಗಿಟ್ಟಳು, ಆ ಸ್ಟೀಲ್ ಬಾಟಲಿ ಎತ್ತಿ ಶಿವಲೀಲಾಳ ಮುಖಕ್ಕೆ ಬಾರಿಸಿದಳು. ನಾನು ಹೋಗಿ ಹಿಡಿಯುವಷ್ಟರಲ್ಲಿ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದಿತ್ತು. ಮುಂದಿನ ಹಲ್ಲಿನ ಒಂದು ಚೂರು ಹಾಸಿದ ಗೋಣಿತಟ್ಟಿನ ಮೇಲೆ ಬಿದ್ದಿತ್ತು. ಹಾಲಹಲ್ಲಲ್ಲ, ಮತ್ತೆ ಹುಟ್ಟುವಂಥದ್ದಲ್ಲ.

ಮರುದಿನ ಶಾಲಾ ಸಮಿತಿ ಕೂಡಿತು. ಶಿವಲೀಲಾಳ ತಾಯಿ ಸುರೇಖಾ ಬಂದಿದ್ದಳು. ಆ ಹುಡುಗಿ ಇದ್ದರೆ ನನ್ನ ಮಗಳು ಬರುವುದಿಲ್ಲ ಎಂಬುದು ಅವಳ ಮಾತು. ಮಲ್ಲಿನಾಥ ತಲೆತಗ್ಗಿಸಿ, ಹಲ್ಲಿಗೆ ಏನು ಚಿಕಿತ್ಸೆ ಬೇಕೋ ತಾನೇ ಸೋಲಾಪುರಕ್ಕೆ ಕರೆದೊಯ್ದು ಮಾಡಿಸುತ್ತೇನೆ, ಮಗಳನ್ನು ಶಾಲೆ ಬಿಡಿಸಿ ಭಂಡಾರಕವಠೆಯ ಅವಳ ಸೋದರಮಾವನ ಮನೆಗೆ ಬಿಡುತ್ತೇನೆ ಎಂದ. ಎಲ್ಲರಿಗೂ ಅದು ಸರಿ ಕಂಡಿತು. ನನಗೆ ಮಾತ್ರ, ಒಂದು ಶಾಲೆ ಬಿಟ್ಟು ಬಂದು ಹೀಗಾದ ಹುಡುಗಿಯನ್ನು ಇನ್ನೊಂದೂ ಬಿಡಿಸಿದರೆ ಏನಾದೀತು ಎಂದು ಭಯವಾಯಿತು. ದೀಪಾವಳಿ ರಜೆಯವರೆಗೆ ಅವಕಾಶ ಕೊಡಿ ಎಂದು ಕೇಳಿದೆ. ಏನು ಮಾಡುತ್ತೀರಿ ಎಂದರು. ದಿನಾ ಕೊನೆಯ ತಾಸು ಇಡೀ ತರಗತಿಗೆ ಸಿಟ್ಟಿನ ಆಟಗಳನ್ನು ಆಡಿಸುತ್ತೇನೆ ಎಂದೆ. ಅವು ಯಾವ ಆಟಗಳೆಂದು ನನಗೇ ಇನ್ನೂ ಗೊತ್ತಿರಲಿಲ್ಲ.

“ನನ್ನ ಮಗಳ ಬಾಯಾಗಿನ ಹಲ್ಲ ನೀವು ಆಟ ಆಡಿಸಿ ಹುಟ್ಟಸ್ತೀರೇನ್ರಿ ಬಾಯಿ?” ಎಂದಳು ಸುರೇಖಾ. ಆಮೇಲೆ ಅವಳೇ, ಆಗಲಿ, ಆದರೆ ಆ ತಾಸು ನಾನೂ ಬಂದು ಕೂಡುತ್ತೇನೆ, ಕಣ್ಣಾರೆ ನೋಡುತ್ತೇನೆ ಎಂದಳು. ಆ ಷರತ್ತು ನನ್ನ ಪುಣ್ಯ. ಅಂದಿನಿಂದ ಸುರೇಖಾ ಮೊರದಲ್ಲಿ ಜೋಳ ತಂದು ಪಡಸಾಲೆಯಲ್ಲಿ ಕೂತು ಹಸನು ಮಾಡುತ್ತ ತರಗತಿಯ ಕಡೆ ನೋಡುತ್ತಿದ್ದಳು. ಅವಳ ಕಣ್ಣು ನನ್ನ ಮೇಲಿದೆ ಎಂಬ ಕಾರಣಕ್ಕೆ ನಾನು ಒಂದು ದಿನವೂ ಆಟ ತಪ್ಪಿಸಲಿಲ್ಲ.

ಮೊದಲ ಆಟ ತಾನಾಗಿ ಹೊಳೆಯಿತು. ಒಬ್ಬ ಹುಡುಗನನ್ನು ನೆಲದ ಮೇಲೆ ಮಲಗಿಸಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದೆ. ಅವನು ಎದ್ದ ಮೇಲೆ ನೆಲದಲ್ಲಿ ಒಬ್ಬ ಮನುಷ್ಯ ಉಳಿದ. ಎಲ್ಲರ ಕೈಗೂ ಒಂದೊಂದು ಸಣ್ಣ ಕಲ್ಲಿನ ಹರಳು ಕೊಟ್ಟೆ. ಸಿಟ್ಟು ಬರುವಾಗ ನಿಮ್ಮ ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಗುತ್ತದೋ ಅಲ್ಲಿ ಇಡಿ ಎಂದೆ. ಮಕ್ಕಳು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಒಬ್ಬ ಕಿವಿಯ ಮೇಲೆ ಇಟ್ಟ, ಬಿಸಿಯಾಗುತ್ತದೆ ಎಂದ. ಒಬ್ಬಳು ಹಲ್ಲಿನ ಮೇಲೆ. ಬಹಳ ಜನ ಮುಷ್ಟಿಯ ಮೇಲೆ. ಹೊಟ್ಟೆಯ ಮೇಲೆ ಇಟ್ಟವನೊಬ್ಬನಿದ್ದ. ಅವನನ್ನು ಬೇರೆಯಾಗಿ ಕೇಳಿದಾಗ, ಬೆಳಿಗ್ಗೆ ತಾಯಿ ಹೊಲಕ್ಕೆ ಬೇಗ ಹೋಗುವುದರಿಂದ ಏನೂ ತಿನ್ನದೆ ಬರುತ್ತಾನೆ ಎಂದು ತಿಳಿಯಿತು. ಅವನ ಸಿಟ್ಟಿಗೆ ಯಾವ ಆಟವೂ ಬೇಕಾಗಲಿಲ್ಲ. ನಾನು ತರುವ ರೊಟ್ಟಿಯಲ್ಲಿ ಒಂದರೊಳಗೆ ಬೆಲ್ಲ ಸುತ್ತಿ ಪ್ರಾರ್ಥನೆಗೆ ಮೊದಲು ಕೊಟ್ಟರೆ ಸಾಕಾಗುತ್ತಿತ್ತು. ಹೊಸಬರು ಇದನ್ನು ನೆನಪಿಡಿ: ಉಪದೇಶಕ್ಕಿಂತ ಮೊದಲು ಹುಡುಗ ಉಂಡಿದ್ದಾನೋ ಇಲ್ಲವೋ ಕೇಳಿ.

ಎಲ್ಲರಿಗಿಂತ ಕೊನೆಗೆ ತೇಜು ಬಂದಳು. ಗೆರೆಯ ಮನುಷ್ಯನನ್ನು ಸುತ್ತುಹಾಕಿ ಹರಳನ್ನು ಗಂಟಲ ಮೇಲೆ ಇಟ್ಟು ಹೋಗಿ ಕೂತಳು. ಯಾಕೆ ಅಲ್ಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಎರಡನೆಯದು ರೊಟ್ಟಿ ಬಡಿಯುವ ಆಟ. ನಮ್ಮ ಕಡೆಯ ಮಕ್ಕಳು ಹುಟ್ಟಿದಾಗಿನಿಂದ ಕೇಳುವ ಸಪ್ಪಳ ಅದು. ಕೆರೆಯ ಎರೆಮಣ್ಣು ತಂದು ನಾದಿ, ಪರಾತವೆಂಬ ಅಗಲ ತಟ್ಟೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಪಡಸಾಲೆಯಲ್ಲಿ ಇಟ್ಟೆವು. ಯಾರಿಗೆ ಹೊಡೆಯಲು ಕೈ ತುರಿಸೀತೋ ಅವರು ಯಾರನ್ನೂ ಕೇಳದೆ ಎದ್ದು ಹೋಗಿ ಒಂದು ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯಬೇಕು. ಅಂಚು ಹರಿಯದಂತೆ ದುಂಡಗೆ ಬಡಿದ ಮೇಲೆ ಒಳಗೆ ಬರಬೇಕು. ಮೊದಲು ಧಪಧಪ ಬಡಿಯುತ್ತಿದ್ದವರು, ರೊಟ್ಟಿ ತೆಳ್ಳಗಾಗುತ್ತ ಬಂದಂತೆ ಕೈ ಹಗುರ ಮಾಡಲೇಬೇಕು, ಇಲ್ಲದಿದ್ದರೆ ಹರಿಯುತ್ತದೆ. ನಾನು ಅದನ್ನು ಯೋಚಿಸಿ ಮಾಡಿದ್ದಲ್ಲ, ಆಗುತ್ತ ಆಗುತ್ತ ಕಂಡದ್ದು. ಗಂಡುಹುಡುಗರು ಮೊದಲು ನಾಚಿದರು. ಸುರೇಖಾ ಪಡಸಾಲೆಯಿಂದಲೇ ಅವರ ರೊಟ್ಟಿ ನೋಡಿ ಹುಳುಕು ತೆಗೆಯುತ್ತಿದ್ದಳು. ಅವಳಿಂದ ಸೈ ಅನ್ನಿಸಿಕೊಳ್ಳಲು ಅವರೇ ಮುಂದಾದರು.

ಮೂರನೆಯದು ಹಾಲಿನ ಆಟ. ಮಕ್ಕಳು ವೃತ್ತವಾಗಿ ಕೂತು ಕೈಗಳನ್ನು ಉರಿಯಂತೆ ನಡುವಿಗೆ ಚಾಚುತ್ತಾರೆ. ನಡುವೆ ಕುಕ್ಕರುಗಾಲಲ್ಲಿ ಕೂತವರು ಹಾಲು. ಉರಿ ಹೆಚ್ಚಿದಂತೆ ಹಾಲು ಮೆಲ್ಲಗೆ ಏಳುತ್ತದೆ, ಕೈ ಮೇಲೆತ್ತಿ ನಿಂತರೆ ಉಕ್ಕಿತು ಎಂದು ಅರ್ಥ. ಅಷ್ಟರೊಳಗೆ ಒಬ್ಬರು ನೀರು ಚಿಮುಕಿಸಿ ಕೂಡಿಸಬೇಕು. ಒಂದು ದಿನ ತೇಜು ಹಾಲಾದಳು. ಶಿವಲೀಲಾ ನೀರು ಚಿಮುಕಿಸಿದಳು. ತೇಜು ಸ್ವಲ್ಪ ಕೂತಳು, ಮತ್ತೆ ಎದ್ದಳು. ಮತ್ತೆ ನೀರು, ಮತ್ತೆ ಎದ್ದಳು. ಆಟ ಮುಗಿಯದ್ದನ್ನು ನೋಡಿ ನಾನು, ಕೂಡು ಎಂದು ಸನ್ನೆ ಮಾಡಿದೆ. ಆಗ ಅವಳು ನನ್ನ ತರಗತಿಯಲ್ಲಿ ಮೊದಲ ಸಲ ಎಲ್ಲರಿಗೂ ಕೇಳುವಂತೆ ಮಾತಾಡಿದಳು.

“ಎಷ್ಟ ನೀರ ಹಾಕ್ತೀರಿ? ಮೊದಲ ಉರಿ ತಗೀರಿ.”

ವೃತ್ತದಲ್ಲಿದ್ದವರು ತಮ್ಮ ಕೈಗಳನ್ನು ನೋಡಿಕೊಂಡರು. ಮೊದಲು ಶಿವಲೀಲಾಳ ಪಕ್ಕದವಳು ಕೈ ಹಿಂದೆ ತೆಗೆದುಕೊಂಡಳು, ಆಮೇಲೆ ಇನ್ನೊಬ್ಬ, ಆಮೇಲೆ ಎಲ್ಲರೂ. ತೇಜು ಮೆಲ್ಲಗೆ ನೆಲಕ್ಕೆ ಇಳಿದು ಕೂತಳು. ನಾನು ಅಲ್ಲಿಯವರೆಗೆ ಸಿಟ್ಟು ಬಂದವರನ್ನಷ್ಟೇ ತಣ್ಣಗೆ ಮಾಡುವ ಆಟ ಹುಡುಕುತ್ತಿದ್ದೆ. ಆ ದಿನದಿಂದ ಆಟ ಎಲ್ಲರದಾಯಿತು. ಯಾರಾದರೂ ಓದುವಾಗ ಎಡವಿದ್ದಕ್ಕೆ ಯಾರಿಗಾದರೂ ನಗು ಬಂದರೆ, ಪಕ್ಕದವರು “ಉರಿ ತಗಿ” ಎಂದು ಪಿಸುಗುಡುತ್ತಿದ್ದರು. ಹೀಗೆ ಹೇಳುವುದರಲ್ಲಿ ಶಿವಲೀಲಾಳೇ ಮುಂದು.

ಎಲ್ಲ ಸರಿಹೋಯಿತು ಎಂದುಕೊಳ್ಳುವಾಗಲೇ ಕೆಟ್ಟಿತು. ರಜೆ ಹತ್ತಿರವಿತ್ತು. ತೇಜು ಒಂದು ಬೆಳಿಗ್ಗೆ ಬಂದವಳೇ ಕನ್ನಡ ಪುಸ್ತಕವನ್ನು ನಡುವೆ ಹರಿದು ಎಸೆದಳು. ಮಣ್ಣಿನ ಪರಾತವನ್ನು ಕಾಲಿನಿಂದ ಒದ್ದಳು. ಸೋಲಾಪುರದ ಅಂಗಡಿಯ ಹಲಗೆಯ ಮೇಲಿಂದ ಮಲ್ಲಿನಾಥನ ಹೆಸರನ್ನು ಅಣ್ಣ ಒರೆಸಿಹಾಕಿದ್ದಾನೆಂದು ಹಿಂದಿನ ದಿನ ಮನೆಯಲ್ಲಿ ದೊಡ್ಡ ಜಗಳವಾಗಿತ್ತಂತೆ. ಸುದ್ದಿ ತಿಳಿದು ಕೊನೆಯ ತಾಸಿನ ಹೊತ್ತಿಗೆ ಮಲ್ಲಿನಾಥ ಮೋಟಾರ್‌ಸೈಕಲ್ ಮೇಲೆ ಬಂದ. ಸಾಕು ಬಾಯಿ, ಇವಳನ್ನು ಇವತ್ತೇ ಮಾವನ ಮನೆಗೆ ಬಿಟ್ಟುಬರುತ್ತೇನೆ ಎಂದ. ಹರಿದ ಪುಸ್ತಕ ಕಣ್ಣಿಗೆ ಬಿದ್ದದ್ದೇ ಕೈ ಎತ್ತಿದ. ಪಡಸಾಲೆಯಲ್ಲಿದ್ದ ಸುರೇಖಾ ಮೊರ ಬದಿಗಿಟ್ಟು ಎದ್ದು ನಿಂತಳು. ನಾನು ನಡುವೆ ಹೋದೆ.

ತೇಜು ಓಡಲಿಲ್ಲ, ಅಳಲಿಲ್ಲ. ನೆಲದ ಮೇಲೆ ಗೆರೆಯ ಮನುಷ್ಯ ಇನ್ನೂ ಇದ್ದ; ಮಕ್ಕಳು ಅಳಿಸಗೊಡುತ್ತಿರಲಿಲ್ಲ. ಅವಳು ಅಲ್ಲಿಂದ ಒಂದು ಹರಳು ತೆಗೆದು ತಂದೆಯ ಮುಂದೆ ಹಿಡಿದಳು.

“ಪಪ್ಪಾ, ನಿಮಗ ಸಿಟ್ಟು ಮೊದಲ ಎಲ್ಲಿ ಬರ್ತದ? ಅಲ್ಲಿ ಇಡ್ರಿ.”

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ಮಕ್ಕಳು ಸರಿದು ಜಾಗ ಬಿಟ್ಟರು. ಒಬ್ಬ ಹುಡುಗ ತನ್ನ ಹರಳು ಕಿವಿಯ ಮೇಲಿದೆ ಎಂದು ತೋರಿಸಿದ. ಮಲ್ಲಿನಾಥ ಎತ್ತಿದ ಕೈ ಇಳಿಸಿ ಹರಳು ತೆಗೆದುಕೊಂಡ. ಕುಕ್ಕರುಗಾಲಲ್ಲಿ ಕೂತು ಗೆರೆಯ ಮನುಷ್ಯನ ಅಂಗೈಯಲ್ಲಿ ಅದನ್ನು ಇಟ್ಟ. ಆಮೇಲೆ ಏಳಲೇ ಇಲ್ಲ, ಅಲ್ಲೇ ನೆಲಕ್ಕೆ ಕೂತುಬಿಟ್ಟ.

“ಕೈಯಾಗ ಬರ್ತದ್ರಿ ಬಾಯಿ” ಎಂದ. “ಅಣ್ಣನ ಮ್ಯಾಲ ಎತ್ತಾಕ ಆಗಲಿಲ್ಲ. ಈಕಿ ಮ್ಯಾಲ ಎತ್ತಾಕತ್ತೀನಿ.”

ಮಗಳ ಕಡೆ ತಿರುಗಿ, ನಿನ್ನದು ಎಲ್ಲಿ ಎಂದು ಕೇಳಿದ. ಅವಳು ಗಂಟಲು ಮುಟ್ಟಿ ತೋರಿಸಿದಳು. ನಾನು ವಾರಗಟ್ಟಲೆ ಕೇಳದೆ ಉಳಿದದ್ದನ್ನು ಅವನು ಕೇಳಿದ: ಅಲ್ಲಿ ಏನಿದೆ?

“ಅಲ್ಲಿ ಸಾಲ್ಯಾಗ ನಾ ಓದೂದ್ರಾಗ ಭಾಳ ಹುಷಾರ ಇದ್ದೆ ಪಪ್ಪಾ” ಎಂದಳು. “ಇಲ್ಲಿ ಯಾರಿಗೂ ಗೊತ್ತಿಲ್ಲ.”

ಇಷ್ಟು ವರ್ಷಗಳ ನೌಕರಿಯಲ್ಲಿ ಒಂದು ಮಗುವಿನ ಬಾಯಿಂದ ನಾನು ಕೇಳಿದ ಅತ್ಯಂತ ಸರಳವಾದ ಮಾತು ಅದು. ಮಲ್ಲಿನಾಥ ಮಗಳನ್ನು ಹತ್ತಿರ ಎಳೆದುಕೊಂಡ. ನೌಕರಿಯಲ್ಲಿ ಮೊದಲ ಸಲ, ಪಾಲಕರ ಎದುರಿಗೆ ನನ್ನ ಕಣ್ಣು ತುಂಬಿತು. ಮಕ್ಕಳು ನೋಡಿದರು, ನೋಡಲಿ ಎಂದು ಬಿಟ್ಟೆ.

ಮರುದಿನದಿಂದ ಕೊನೆಯ ತಾಸಿನಲ್ಲಿ ತೇಜುವಿಗೆ ಒಂದು ಕೆಲಸ ಸಿಕ್ಕಿತು. ತನ್ನ ಹಳೆಯ ಮರಾಠಿ ಪುಸ್ತಕದ ಒಂದು ಕತೆಯನ್ನು ಗಟ್ಟಿಯಾಗಿ ಓದಿ, ಅದನ್ನೇ ಕನ್ನಡದಲ್ಲಿ ಹೇಳಬೇಕು. ಅವಳು ಓದಿದಾಗ ತರಗತಿ ಬಾಯಿ ತೆರೆದು ಕೇಳಿತು. ದನಿ ಏರಿಳಿಸುವುದು, ನಡುವೆ ನಿಲ್ಲಿಸಿ ಎಲ್ಲರ ಮುಖ ನೋಡುವುದು, ನನಗೂ ಬಾರದಂಥ ಹದ. ಬದಲಿಗೆ ಅವಳಿಗೆ ಒತ್ತಕ್ಷರ ನಾನು ಕಲಿಸುತ್ತೇನೆ ಎಂದು ಶಿವಲೀಲಾ ತಾನಾಗಿಯೇ ಹೇಳಿದಳು. ಇಬ್ಬರೂ ಒಂದೇ ತಟ್ಟಿನ ಮೇಲೆ ಕೂತರು. ಹಲ್ಲಿನ ಚಿಕಿತ್ಸೆಗೆ ಸೋಲಾಪುರಕ್ಕೆ ಹೋಗುವ ದಿನ ಮಲ್ಲಿನಾಥನ ಜೊತೆ ತೇಜುವೂ ಹೋದಳು. ಡಾಕ್ಟರರ ಕುರ್ಚಿಯ ಪಕ್ಕದಲ್ಲಿ ನಿಂತು ಶಿವಲೀಲಾಳ ಕೈ ಹಿಡಿದಿದ್ದಳಂತೆ. ನೋಯುತ್ತದೆಯೇ ಎಂದು ಕೇಳಿ ಕೇಳಿ ಡಾಕ್ಟರರಿಗೆ ಬೇಸರ ಹುಟ್ಟಿಸಿದಳು ಎಂದು ಸುರೇಖಾ ಬಂದು ಹೇಳಿದಳು.

ರಜೆಯ ಮುನ್ನಾದಿನ ಸಮಿತಿ ಮತ್ತೆ ಕೂಡಿತು. ನಾನು ಏನೇನೋ ಹೇಳಲು ಸಿದ್ಧಳಾಗಿದ್ದೆ. ಸುರೇಖಾ ನನಗಿಂತ ಮೊದಲೇ ಎದ್ದಳು. “ಈ ಹುಡಗಿನ್ನ ಎಲ್ಲಿಗೂ ಕಳಸಬ್ಯಾಡ್ರಿ” ಎಂದು ಮಲ್ಲಿನಾಥನಿಗೆ ಹೇಳಿ ಕೂತಳು. ಸಭೆ ಅಷ್ಟಕ್ಕೇ ಮುಗಿಯಿತು.

ನಮ್ಮ ಕೇಂದ್ರಪ್ರಮುಖರು, ಅಂದರೆ ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಾಹೇಬರು, ಮರಾಠಿಯವರು. ಕನ್ನಡ ಒಂದಕ್ಷರ ಬಾರದು. ಒಂದು ದಿನ ತಪಾಸಣೆಗೆ ಬಂದವರು ಕಾಗದಪತ್ರ ಬದಿಗಿಟ್ಟು ಹಾಲಿನ ಆಟ ನೋಡುತ್ತ ಕೂತರು. ಹೋಗುವಾಗ, ಇದನ್ನು ಅಕ್ಕಲಕೋಟದಲ್ಲಿ ಎಲ್ಲ ಶಿಕ್ಷಕರ ಮುಂದೆ ಹೇಳಬೇಕು ಎಂದರು. ನಾನು ಅಲ್ಲಿಗೆ ಹೋಗಿ, ಬರೆದುಕೊಂಡಿದ್ದ ಭಾಷಣ ಓದಿದೆ. ಹಿಂದಿನ ಸಾಲಿನಲ್ಲಿ ಆಕಳಿಕೆ ಸುರುವಾಯಿತು. ಸಾಹೇಬರೇ ಎದ್ದು, ಭಾಷಣ ಸಾಕು, ಗೆರೆ ಎಳೆಯಿರಿ ಎಂದರು. ತಮ್ಮ ಇಸ್ತ್ರಿಯ ಅಂಗಿಯಲ್ಲೇ ಸಭಾಗೃಹದ ನೆಲದ ಮೇಲೆ ಮಲಗಿದರು. ನಾನು ಸಾಹೇಬರ ಸುತ್ತ ಸೀಮೆಸುಣ್ಣ ಎಳೆದೆ. ಆಮೇಲೆ ಯಾರೂ ಆಕಳಿಸಲಿಲ್ಲ. ನನ್ನ ಮೇಲಧಿಕಾರಿಗಳಲ್ಲಿ ಕಠಿಣ ಮನುಷ್ಯರೂ ಇದ್ದರು, ಆದರೆ ಕಣ್ಣಮುಂದೆ ಬರುವವರು ಇವರೇ.

ಎಲ್ಲ ಮಕ್ಕಳಿಗೂ ಈ ಆಟಗಳು ಹಿಡಿಸಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಮಣ್ಣಿನ ಉಂಡೆಯನ್ನೇ ಒಬ್ಬರ ಮೇಲೊಬ್ಬರು ಎಸೆದರು. ಬೇರೆ ಶಾಲೆಗೆ ಬದಲಿಯಾದಾಗ ಅಲ್ಲಿನ ಮಕ್ಕಳಿಗೆ ಹಾಲಿನ ಆಟ ಬೇಸರವಾಯಿತು. ಅವರಿಗೆ ಖೋ-ಖೋ ಬೇಕಿತ್ತು. ಅದರಲ್ಲೇ ಔಟಾದವರು ಎದುರಿನವರ ಕೈ ಕುಲುಕಿ ಹೊರಗೆ ಹೋಗುವ ನಿಯಮ ಸೇರಿಸಿದೆವು. ಆಟ ಯಾವುದಾದರೂ ಆದೀತು. ಜಗಳವಿಲ್ಲದ ಹೊತ್ತಿನಲ್ಲಿ ಆಡಿಸಿ, ಎಲ್ಲರನ್ನೂ ಸೇರಿಸಿ, ತಪ್ಪು ಮಾಡಿದವರ ಹೆಸರು ಹಿಡಿದು ಆಡಿಸಬೇಡಿ, ಆ ಕ್ಷಣದಲ್ಲೇ ಕ್ಷಮೆ ಕೇಳಿಸಬೇಡಿ. ಹಾಗೆ ಬಾಯಿಂದ ಹೊರಡಿಸಿದ ಕ್ಷಮೆ ಗೇಟು ದಾಟುವವರೆಗೂ ಉಳಿಯುವುದಿಲ್ಲ.

ಹೋದ ತಿಂಗಳು ಅಕ್ಕಲಕೋಟದಿಂದ ಸೋಲಾಪುರಕ್ಕೆ ವಡಾಪ್ ಜೀಪಿನಲ್ಲಿ ಬರುತ್ತಿದ್ದೆ. ಹಾದಿಯಲ್ಲಿ ಕೈಮಾಡಿದವರನ್ನೆಲ್ಲ ತುಂಬಿಕೊಳ್ಳುವ ಗಾಡಿ; ನಾನು ಹಿಂದಿನ ಸೀಟಿನ ಮೂಲೆಯಲ್ಲಿ ಗಂಟುಗಳ ನಡುವೆ ಇದ್ದೆ. ಕುಂಭಾರಿ ದಾಟಿದ ಮೇಲೆ ಒಬ್ಬ ಮುದುಕಿ ತನ್ನ ಊರು ಹಿಂದೆ ಹೋಯಿತೆಂದು ಗಾಬರಿಯಾದಳು. ಡ್ರೈವರ್ ಗಾಡಿ ನಿಲ್ಲಿಸಿ, ಇಲ್ಲೇ ಇಳಿದು ನಡೆದುಕೊಂಡು ಹೋಗು ಎಂದ. ಬಿಸಿಲು ಸುಡುತ್ತಿತ್ತು. ಆಗ ಮುಂದಿನ ಸೀಟಿನಿಂದ ಒಬ್ಬಳು ಕಾಲೇಜು ಹುಡುಗಿ ಮಾತಾಡತೊಡಗಿದಳು. ಮೊದಲು ಮರಾಠಿಯಲ್ಲಿ, ಆಮೇಲೆ ಡ್ರೈವರನೂ ನಮ್ಮ ಕಡೆಯವನೇ ಎಂದು ತಿಳಿದು ಕನ್ನಡದಲ್ಲಿ.

“ಕಾಕಾ, ಆಯಿ ಗಾಡಿ ಹತ್ತೂ ಮುಂದ ಊರ ಹೆಸರ ಹೇಳ್ಯಾಳ. ನಾ ಕೇಳೀನಿ. ಮರತವರು ನೀವು, ನಡಿಯಾಕ ಆಕಿ ಯಾಕ? ಗಾಡಿ ತಿರಗಸ್ರಿ. ನಾವೆಲ್ಲಾ ಕೂತಿರ್ತೀವಿ.”

ದನಿ ಏರಿತ್ತು, ಮುಖ ಕೆಂಪಗಾಗಿತ್ತು. ಸಿಟ್ಟು ಎದ್ದು ಕಾಣುತ್ತಿತ್ತು. ಆದರೆ ಒಂದು ಕೆಟ್ಟ ಮಾತಿಲ್ಲ, ಒಂದು ಶಬ್ದ ತಡವರಿಸಲಿಲ್ಲ. ಡ್ರೈವರ್ ಗೊಣಗುತ್ತ ಗಾಡಿ ತಿರುಗಿಸಿದ. ಮುದುಕಿಯ ಗಂಟು ಇಳಿಸಲು ಹುಡುಗಿ ಹಿಂದೆ ಬಂದಳು. ಗಂಟುಗಳ ನಡುವೆ ನನ್ನ ಮುಖ ಕಂಡು ನಿಂತಳು. ತೇಜು.

ಅವಳು ತನ್ನ ಮುಂದಿನ ಸೀಟು ಬಿಟ್ಟು ನನ್ನ ಪಕ್ಕದಲ್ಲಿ ಇಕ್ಕಟ್ಟಿನಲ್ಲೇ ಕೂತಳು. ಮಾತು ಸುರುಮಾಡಿದಳು. ಕಾಲೇಜು, ಅಪ್ಪ ಹೊಲದಲ್ಲಿ ಹಾಕಿದ ದ್ರಾಕ್ಷಿ, ದೊಡ್ಡಪ್ಪ ಈಗ ಹಬ್ಬಕ್ಕೆ ಮನೆಗೆ ಬರುವುದು, ಶಿವಲೀಲಾಳ ಮದುವೆಗೆ ನಿಗದಿಯಾದ ದಿನ, ಅಲ್ಲಿ ತಾನು ಉಡುವ ಸೀರೆಯ ಬಣ್ಣ. ಗಾಡಿ ಸೋಲಾಪುರ ಮುಟ್ಟುವವರೆಗೂ ಅವಳು ಹೇಳುತ್ತಲೇ ಇದ್ದಳು. ನನಗೆ ನಡುವೆ ಒಂದು ಮಾತು ಆಡಲೂ ಜಾಗ ಸಿಗಲಿಲ್ಲ.